ಮೂಸಂಬಿಗೆ ಮೆಷಿನ್, ಪುನರ್ಪುಳಿಗೆ ಕೈ: ಮನೆ ಜ್ಯೂಸಿನ ನನ್ನ ಅನುಭವ

ಯಾವ ಜ್ಯೂಸರ್ ತಗೊಳ್ಳುದು ಅಂತ ನನ್ನತ್ರ ಕೇಳುವವರು ಸುಮಾರು ಜನ ಉಂಟು, ಯಾಕಂದ್ರೆ ನಮ್ಮ ಮನೇಲಿ ಒಂದಲ್ಲ ಮೂರು ನಮೂನೆಯದ್ದು ಉಂಟು ಅಂತ ನೆಂಟರಿಗೆಲ್ಲ ಗೊತ್ತು. ನಾನು ತಿರುಗಿ ಕೇಳುದು ಎರಡೇ, ನೀವು ಮಾರ್ಕೆಟಿಂದ ಮಾಮೂಲು ತರುವ ಹಣ್ಣು ಯಾವುದು, ಮತ್ತೆ ಮೆಷಿನ್ ತೊಳೆಯುದು ಯಾರು. ಇದಕ್ಕೆ ಸರಿ ಉತ್ತರ ಹೇಳಿದ್ರೆ ಅರ್ಧ ಜನರಿಗೆ ಜ್ಯೂಸರೇ ಬೇಡ ಮಾರಾಯ್ರೆ, ಇದ್ದ ಮಿಕ್ಸಿ ಮತ್ತೆ ಒಂದು ಒಳ್ಳೆ ಜಾಲರಿ ಸಾಕು.

ನಾವಿರುದು ಮಂಗಳೂರಲ್ಲಿ, ಬಿಜೈ ಹತ್ರ ಫ್ಲ್ಯಾಟಲ್ಲಿ. ಮನೇಲಿ ಅತ್ತೆಗೆ ಶುಗರ್ ಉಂಟು, ಮಕ್ಕಳಿಗೆ ಶಾಲೆಯಿಂದ ಬಂದ ಕೂಡ್ಲೆ ತಣ್ಣಗೆ ಎಂತಾದ್ರೂ ಬೇಕು, ಇವರಿಗೆ ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದು ಕ್ಯಾರೆಟ್ ಬೀಟ್ರೂಟ್ ಕುಡಿಯುವ ಅಭ್ಯಾಸ. ಹಾಗಾಗಿ ನಮ್ಮಲ್ಲಿ ಜ್ಯೂಸ್ ಅಂದ್ರೆ ಒಂದೇ ಕೆಲಸ ಅಲ್ಲ.

ಮೊದ್ಲು ಇದ್ದದ್ದು ಸ್ಪೀಡಿನ ಜ್ಯೂಸರ್, ಸೆಂಟ್ರಿಫ್ಯೂಗಲ್ ಅಂತ ಹೇಳ್ತಾರಲ್ಲ ಅದು, ಮದುವೆಗೆ ಗಿಫ್ಟ್ ಬಂದದ್ದು. ಅದರ ಒಳಗೆ ತೂತಿನ ಒಂದು ಸ್ಟೀಲ್ ಬುಟ್ಟಿ, ತಳದಲ್ಲಿ ತುರಿಮಣೆಯ ಹಾಗೆ ಹಲ್ಲು, ನಿಮಿಷಕ್ಕೆ ಸಾವಿರಗಟ್ಟಲೆ ಸುತ್ತು ತಿರುಗ್ತದೆ, ಹಣ್ಣು ತುರಿದು ಹೋಗಿ ಬುಟ್ಟಿಯ ಗೋಡೆಗೆ ಬಡೀತದೆ, ರಸ ತೂತಿಂದ ಹೊರಗೆ, ಚರಟ ಹಿಂದಿನ ಡಬ್ಬಕ್ಕೆ. ಕೆಲಸ ಬೇಗ ಮುಗೀತದೆ, ಎರಡು ನಿಮಿಷ ಸಾಕು, ಸೇಬು ಕ್ಯಾರೆಟಿಗೆ ಪರ್ವಾಗಿಲ್ಲ. ಆದ್ರೆ ಗ್ಲಾಸಲ್ಲಿ ಮೇಲೆ ಎರಡು ಬೆರಳಷ್ಟು ನೊರೆ, ಸ್ವಲ್ಪ ಹೊತ್ತಿಗೆ ನೀರು ಬೇರೆ ಹಣ್ಣು ಬೇರೆ, ಮತ್ತೆ ಶಬ್ದ ಹೇಗೆ ಅಂದ್ರೆ ಬೆಳಿಗ್ಗೆ ಆರಕ್ಕೆ ಆನ್ ಮಾಡಿದ್ರೆ ಕೆಳಗಿನ ಮನೆಯವರು ಏಳ್ತಾರೆ.

ಯಾವ ಜ್ಯೂಸರ್ ಆದ್ರೂ ಅಂಗಡೀಲಿ ಡೆಮೊ ಕೊಡುವಾಗ ಗ್ಲಾಸನ್ನು ನೋಡ್ಬೇಡಿ, ಚರಟವನ್ನು ಕೈಯಲ್ಲಿ ತಗೊಂಡು ಗಟ್ಟಿಯಾಗಿ ಹಿಂಡಿ. ಬೆರಳ ಸಂದಿಯಿಂದ ರಸ ಇಳಿದ್ರೆ ನೀವು ಕೊಟ್ಟ ಹಣ್ಣಿನ ದುಡ್ಡು ಅಲ್ಲೇ ಉಳೀತು ಅಂತ ಲೆಕ್ಕ. ನಮ್ಮ ಸ್ಪೀಡಿನದ್ದರಲ್ಲಿ ಚರಟ ಯಾವಾಗ್ಲೂ ಚಂಡಿ ಚಂಡಿ, ಪುದಿನ ಒಂದೆಲಗದ ಹಾಗಿನ ಸೊಪ್ಪು ಹಾಕಿದ್ರಂತೂ ಹಾಗೇ ಹಾರಿ ಹಿಂದೆ ಹೋಗಿ ಬೀಳ್ತಿತ್ತು.

ಎರಡನೇದು ಸ್ಲೋ ಜ್ಯೂಸರ್, ಕೋಲ್ಡ್ ಪ್ರೆಸ್ ಅಂತ ಪೆಟ್ಟಿಗೆ ಮೇಲೆ ಬರೆದಿರ್ತದೆ. ಅದರಲ್ಲಿ ಬ್ಲೇಡ್ ಇಲ್ಲ, ಒಂದು ದಪ್ಪ ತಿರುಪು ನಿಮಿಷಕ್ಕೆ 40ರಿಂದ 80 ಸುತ್ತು ನಿಧಾನಕ್ಕೆ ತಿರುಗಿ ಹಣ್ಣನ್ನು ಜಾಲರಿಗೆ ಒತ್ತಿ ಹಿಂಡ್ತದೆ. ಚರಟ ಒಣಕ್ಕಲು ಬರ್ತದೆ, ನೊರೆ ಕಮ್ಮಿ, ಶಬ್ದ ಇಲ್ಲ ಅಂತಲೇ ಹೇಳ್ಬಹುದು. ಮಾರುವವರು ಹೇಳುದು ಎಂತ ಅಂದ್ರೆ ಸ್ಪೀಡ್ ಮೆಷಿನಲ್ಲಿ ಬಿಸಿಗೆ ವಿಟಮಿನ್ ಎಲ್ಲ ಸತ್ತು ಹೋಗ್ತದೆ ಅಂತ. ಅದನ್ನು ನಾನು ಅಷ್ಟು ನಂಬುದಿಲ್ಲ, ಒಂದು ನಿಮಿಷದಲ್ಲಿ ಬಂದ ರಸಕ್ಕೆ ಕೈ ಇಟ್ಟು ನೋಡಿ, ಬಿಸಿ ಎಲ್ಲಿ ಉಂಟು? ರಸ ಕೆಡುದು ಗಾಳಿಗೆ. ಸೇಬು ಕೊಯ್ದಿಟ್ರೆ ಕಂದು ಆಗ್ತದಲ್ಲ, ಅದೇ ಕಿಣ್ವದ ಕೆಲಸ ಜ್ಯೂಸಲ್ಲೂ ನಡೀತದೆ, ಸ್ಪೀಡಲ್ಲಿ ಗಾಳಿ ಹೆಚ್ಚು ಕಲಸಿ ಹೋಗುದರಿಂದ ಬೇಗ ನಡೀತದೆ. ಅದಕ್ಕೆ ಮದ್ದು ಅರ್ಧ ಲಿಂಬೆ ಹಿಂಡಿ ಕೂಡ್ಲೆ ಕುಡಿಯುದು, ಹದಿನೈದು ಸಾವಿರ ಖರ್ಚು ಮಾಡ್ಬೇಕಂತ ಇಲ್ಲ. ನಾನು ಸ್ಲೋ ತಗೊಂಡದ್ದು ಶಬ್ದಕ್ಕೆ ಮತ್ತೆ ಚರಟಕ್ಕೆ, ವಿಟಮಿನಿಗೆ ಅಲ್ಲ.

ಇನ್ನು ಮೂಸಂಬಿ ವಿಷಯ, ಇದನ್ನು ಸ್ವಲ್ಪ ಬಿಡಿಸಿ ಹೇಳ್ತೇನೆ, ಯಾಕಂದ್ರೆ ಜ್ಯೂಸರ್ ತಗೊಂಡವರು ಹೆಚ್ಚಿನವರು ಮೊದ್ಲು ಮಾಡುದು ಅದೇ, ಮತ್ತೆ ಕಹಿ ಆಯ್ತು ಅಂತ ಮೆಷಿನಿಗೆ ಬೈಯ್ಯುದು ಸಹ ಅದಕ್ಕೇ. ಮೂಸಂಬಿ ಕಹಿ ಆಗ್ಲಿಕ್ಕೆ ಕಾರಣ ಒಂದಕ್ಕಿಂತ ಹೆಚ್ಚುಂಟು. ಬೀಜ ಅರೆದು ಹೋದ್ರೆ ಕಹಿ, ಸಿಪ್ಪೆಯ ಒಳಗಿನ ಬಿಳಿ ಪದರ ಸೇರಿದ್ರೆ ಕಹಿ, ಇವೆರಡು ಎಲ್ರಿಗೂ ಗೊತ್ತು. ಇನ್ನೊಂದು ಉಂಟು, ಹಿಂಡಿದಾಗ ಸಿಹಿ ಇದ್ದ ಜ್ಯೂಸ್ ಫ್ರಿಜ್ಜಲ್ಲಿ ಇಟ್ಟು ಕೆಲವು ಗಂಟೆ ಕಳೆದು ಕುಡಿದ್ರೆ ಕಹಿ ಹೊಡೀತದೆ. ಹಣ್ಣಿನ ತೊಳೆ, ಪೊರೆ, ಬೀಜದಲ್ಲಿ ಕಹಿ ಇಲ್ಲದ ಒಂದು ಅಂಶ ಇರ್ತದೆ, ಹಿಂಡಿ ರಸದ ಹುಳಿಯ ಜೊತೆ ಸೇರಿದ ಮೇಲೆ ಅದು ನಿಧಾನಕ್ಕೆ ಲಿಮೋನಿನ್ ಅಂತ ಕಹಿ ವಸ್ತು ಆಗ್ತದೆ. ಅಂದ್ರೆ ಮೆಷಿನ್ ಎಷ್ಟು ಚೆನ್ನಾಗಿ ಪೊರೆಯನ್ನು ಅರೆದು ಹಿಂಡ್ತದೋ ಅಷ್ಟು ಕಹಿ ಆಗುವ ಸಾಮಾನು ಒಳಗೆ ಬಂತು. ಸ್ಲೋ ಜ್ಯೂಸರ್ ಇಲ್ಲಿ ಸ್ವಲ್ಪ ಅತಿ ಬುದ್ಧಿವಂತಿಕೆ ಮಾಡ್ತದೆ.

ಹಾಗಾಗಿ ಬರೀ ಮೂಸಂಬಿ ಕಿತ್ತಳೆ ಕುಡಿಯುವ ಮನೆಗೆ ನಾನು ಹೇಳುದು ಕೈಯಲ್ಲಿ ಒತ್ತುವ ಪ್ರೆಸ್, ಅಥವಾ ಮಧ್ಯ ಕೊಯ್ದು ಮೇಲಿಂದ ಒತ್ತಿದ್ರೆ ತಿರುಗುವ ಚಿಕ್ಕ ಸಿಟ್ರಸ್ ಜ್ಯೂಸರ್. ನಮ್ಮ ಮೂರನೇ ಸಾಮಾನು ಅದೇ, ಉಳಿದೆರಡಕ್ಕಿಂತ ತುಂಬ ಕಮ್ಮಿ ರೇಟು. ಗುಮ್ಮಟದ ಹಾಗಿದ್ದ ಭಾಗಕ್ಕೆ ಬಿಳಿ ಪದರ ತಾಗುವಷ್ಟು ಜೋರಾಗಿ ಒತ್ಬೇಡಿ, ಸ್ವಲ್ಪ ರಸ ಸಿಪ್ಪೆಯಲ್ಲಿ ಉಳಿದ್ರೆ ಉಳೀಲಿ. ಹಣ್ಣು ಆರಿಸುವಾಗ ಬಣ್ಣಕ್ಕಿಂತ ತೂಕ ನೋಡಿ, ಒಂದೇ ಗಾತ್ರದ ಎರಡನ್ನು ಕೈಯಲ್ಲಿ ಹಿಡಿದ್ರೆ ಭಾರ ಇದ್ದದ್ದರಲ್ಲಿ ರಸ ಇರ್ತದೆ. ಸೆಂಟ್ರಲ್ ಮಾರ್ಕೆಟಲ್ಲಿ ಒಬ್ಬರತ್ರ ನಾನು ಯಾವಾಗ್ಲೂ ತಗೊಳ್ತೇನೆ, ಈಗ ಅವರೇ ಭಾರದ್ದು ನೋಡಿ ಹಾಕ್ತಾರೆ, "ಅಕ್ಕನಿಗೆ ಜ್ಯೂಸಿಂದು" ಅಂತ ಹೇಳಿ.

ಸ್ಲೋ ಜ್ಯೂಸರಲ್ಲಿ ನಿತ್ಯ ಆಗುವ ತಂಟೆ ಅಂದ್ರೆ ನಾರು. ಶುಂಠಿ ಉದ್ದಕ್ಕೆ ಹಾಕಿದ್ರೆ ನಾರು ತಿರುಪಿಗೆ ಸುತ್ತಿ ಮೆಷಿನ್ ನಿಲ್ತದೆ, ಅಡ್ಡಕ್ಕೆ ಬಿಲ್ಲೆ ಬಿಲ್ಲೆ ಕೊಯ್ದು ಹಾಕ್ಬೇಕು. ಬನವಾಸಿ ಕಡೆಯ ಅನಾನಾಸು ಬಂದಾಗ ನಡುವಿನ ಗಟ್ಟಿ ದಿಂಡು ಸಹ ಹಾಗೇ, ತೆಳ್ಳಗೆ ಮಾಡಿ. ಮೆತ್ತಗಿನದ್ದು ಒಂದೇ ಸಲ ತುಂಬಿಸ್ಬೇಡಿ, ಒಂದು ಮೆತ್ತಗಿನ ತುಂಡು, ಒಂದು ಕ್ಯಾರೆಟ್, ಪುನಃ ಮೆತ್ತಗಿನದ್ದು, ಹೀಗೆ ಕೊಟ್ರೆ ಗಟ್ಟಿದು ಮೆತ್ತಗಿನದ್ದನ್ನು ದೂಡಿ ತೆಗೀತದೆ. ಪಪ್ಪಾಯಿ, ಮಾವು, ಚಿಕ್ಕು, ಬಾಳೆಹಣ್ಣು ಇದಕ್ಕೆ ಹಾಕ್ಲೇಬೇಡಿ, ಅದೆಲ್ಲ ಮಿಕ್ಸಿಯ ಹಣ್ಣು. ದಾಳಿಂಬೆಗೆ ಮಿಕ್ಸಿಯೂ ಆಗ್ತದೆ, ಆದ್ರೆ ಪಲ್ಸ್ ಮಾತ್ರ ಎರಡು ಮೂರು ಸಲ ಒತ್ತಿ ಬಿಡ್ಬೇಕು, ಓಡಿಸ್ತಾ ನಿಂತ್ರೆ ಬೀಜ ಹುಡಿಯಾಗಿ ಚೊಗರು. ಅನಾನಾಸಿಗೆ ಹಾಲು ಹಾಕಿ ಶೇಕ್ ಮಾಡಿ ಇಡ್ಬೇಡಿ, ಅದರಲ್ಲಿರುವ ಬ್ರೊಮಿಲೇನ್ ಅಂತ ಕಿಣ್ವ ಹಾಲಿನ ಪ್ರೋಟೀನನ್ನು ಒಡೆದು ಕಹಿ ಮಾಡ್ತದೆ.

ತೊಳೆಯುದು. ಇದನ್ನು ಯಾರೂ ಡೆಮೊದಲ್ಲಿ ತೋರಿಸುದಿಲ್ಲ. ಜಾಲರಿಯ ತೂತಲ್ಲಿ ಕೂತ ನಾರು ಒಣಗಿದ್ರೆ ಮತ್ತೆ ಬ್ರಷ್ಷಿಗೂ ಬರುದಿಲ್ಲ, ಹಾಗಾಗಿ ಗ್ಲಾಸ್ ಕೈಗೆ ಕೊಟ್ಟು ನಾನು ನೇರ ಸಿಂಕಿಗೆ, ಕುಡಿಯುದು ಆಮೇಲೆ. ಕ್ಯಾರೆಟಿನ ಕೇಸರಿ ಬಣ್ಣ ಪ್ಲಾಸ್ಟಿಕಿಗೆ ಹಿಡಿದ್ರೆ ಬಟ್ಟೆಗೆ ಒಂದು ಹನಿ ತೆಂಗಿನೆಣ್ಣೆ ಹಾಕಿ ಉಜ್ಜಿ ಮತ್ತೆ ಸೋಪ್ ಹಾಕಿ, ಹೋಗ್ತದೆ. ನಮ್ಮ ಊರಿಗೆ ಮುಖ್ಯ ಅಂದ್ರೆ ರಬ್ಬರ್ ವಾಷರ್. ಜೂನಿಂದ ಸೆಪ್ಟೆಂಬರ್ ವರೆಗೆ ಇಲ್ಲಿ ಚಪ್ಪಲಿಯೂ ಬೂಷ್ಟು ಹಿಡೀತದೆ, ಇನ್ನು ಸಿಹಿ ರಸ ತಾಗಿದ ರಬ್ಬರ್ ಕೇಳ್ಬೇಕಾ, ಅದನ್ನು ಪ್ರತಿ ಸಲ ತೆಗೆದು ತೊಳೆದು ಬೈರಾಸಲ್ಲಿ ಒರಸಿ ಬಿಡಿಸಿಯೇ ಇಡ್ಬೇಕು, ಜೋಡಿಸಿ ಮುಚ್ಚಿ ಇಟ್ರೆ ವಾಸನೆ ಗ್ಯಾರಂಟಿ.

ಇಷ್ಟೆಲ್ಲ ಮೆಷಿನ್ ಪುರಾಣ ಹೇಳಿಯೂ ನಮ್ಮ ಮನೇಲಿ ಹೆಚ್ಚು ಖರ್ಚಾಗುವ ಜ್ಯೂಸಿಗೆ ಯಾವ ಮೆಷಿನೂ ಬೇಡ. ಬಚ್ಚಂಗಾಯಿ ಅಂದ್ರೆ ಕಲ್ಲಂಗಡಿಯಲ್ಲಿ ನೂರಕ್ಕೆ ತೊಂಬತ್ತರ ಮೇಲೆ ನೀರೇ, ಜಾಲರಿ ಮೇಲೆ ಹಾಕಿ ಸೌಟಲ್ಲಿ ಒತ್ತಿದ್ರೆ ಮುಗೀತು. ಲಿಂಬೆಗೆ ಕೈ ಸಾಕು. ಎಳ್ಳಿನ ಜ್ಯೂಸಿಗೆ ಎಳ್ಳು ನೆನೆಸಿ ಮಿಕ್ಸಿಯಲ್ಲಿ ಕಡೆದು ಸೋಸಿ ಬೆಲ್ಲ ಏಲಕ್ಕಿ.

ಪುನರ್ಪುಳಿ, ಅಂದ್ರೆ ಕೋಕಂ, ಮಾತ್ರ ನಾನು ಬೇರೆಯವರ ಕೈಗೆ ಕೊಡುದಿಲ್ಲ. ಅಮ್ಮನ ಮನೆ ಬೆಳ್ತಂಗಡಿ ಕಡೆ, ಏಪ್ರಿಲ್ ಮೇಯಲ್ಲಿ ಮರದಡಿ ಬಿದ್ದದ್ದನ್ನು ಹೆಕ್ಕಿ ಕಳಿಸ್ತಾರೆ. ಹಣ್ಣು ಎರಡು ಹೋಳು ಮಾಡಿ ಬೀಜ ತೆಗೆದು, ಸಿಪ್ಪೆ ಒಂದು ಕಿಲೋಗೆ ಸಕ್ಕರೆ ಎರಡು ಕಿಲೋ ಲೆಕ್ಕದಲ್ಲಿ ಗಾಜಿನ ಭರಣಿಗೆ ಒಂದು ಪದರ ಸಿಪ್ಪೆ ಒಂದು ಪದರ ಸಕ್ಕರೆ ಹಾಕಿ ಬಾಯಿಗೆ ಬಟ್ಟೆ ಕಟ್ಟಿ ಬಿಸಿಲಿಗೆ ಇಡುದು, ದಿನಾ ಒಣಗಿದ ಮರದ ಸೌಟಲ್ಲಿ ಒಂದು ಸಲ ತಿರುಗಿಸ್ಬೇಕು. ವಾರ ಕಳೀವಾಗ ಸಕ್ಕರೆ ಎಲ್ಲ ಕರಗಿ ಕಡು ಕೆಂಪು ಪಾಕ ನಿಲ್ತದೆ, ಸೋಸಿ ಬಾಟ್ಲಿಗೆ. ಒಂದು ಹನಿ ನೀರು ತಾಗ್ಬಾರ್ದು, ಅಲ್ಯೂಮಿನಿಯಂ ಪಾತ್ರೆ ಆಗುದೇ ಇಲ್ಲ, ಆ ಹುಳಿಗೆ ಪಾತ್ರೆಯ ಲೋಹ ರಸಕ್ಕೆ ಬಿಡ್ತದೆ. ಅತ್ತೆಗೆ ಈ ಪಾಕ ಆಗುದಿಲ್ಲ, ಅವರಿಗೆ ಒಣ ಸಿಪ್ಪೆ ರಾತ್ರಿ ನೀರಿಗೆ ಹಾಕಿ ಬೆಳಿಗ್ಗೆ ಹಿಸುಕಿ ಉಪ್ಪು, ಜೀರಿಗೆ, ಒಂದು ಗಾಂಧಾರಿ ಮೆಣಸು ಜಜ್ಜಿ ಹಾಕಿದ್ದು. ನಿಜ ಹೇಳ್ಬೇಕಂದ್ರೆ ನನಗೂ ಅದೇ ಹೆಚ್ಚು ಇಷ್ಟ.

ಗೇರುಹಣ್ಣು ಇನ್ನೊಂದು. ಬೀಜ ಮಾತ್ರ ತಿರುಪಿ ತೆಗೆದು ಹಣ್ಣನ್ನು ಗುಡ್ಡೆಯಲ್ಲೇ ಬಿಡ್ತಾರೆ ನಮ್ಮೋರು, ಅದರಲ್ಲಿ ಕಿತ್ತಳೆಗಿಂತ ಎಷ್ಟೋ ಪಾಲು ಹೆಚ್ಚು ವಿಟಮಿನ್ ಸಿ ಉಂಟು. ಗಂಟಲು ಹಿಡಿಯುದು ಟ್ಯಾನಿನ್ ಅಂತ ಚೊಗರಿನ ಅಂಶದ ದೆಸೆಯಿಂದ. ಅದಕ್ಕೆ ಉಪಾಯ ಗಂಜಿ ತಿಳಿ: ಹಣ್ಣು ತೊಳೆದು ಬಟ್ಟೆಯಲ್ಲಿ ಹಿಂಡಿ, ಲೀಟರಿಗೆ ಅರ್ಧ ಲೋಟದಷ್ಟು ತಣಿದ ದಪ್ಪ ತಿಳಿ ಕಲಸಿ ಅಲ್ಲಾಡಿಸದೆ ಇಟ್ರೆ ಚೊಗರಿನ ಅಂಶ ತಿಳಿಯ ಜೊತೆ ಸೇರಿ ಅಡಿಗೆ ಕೂರ್ತದೆ, ಮೇಲಿನದ್ದು ಮೆಲ್ಲ ಬಗ್ಗಿಸಿ ತಗೊಳ್ಳುದು. ಹಳೆ ಬಟ್ಟೆ ಹಾಕ್ಕೊಳ್ಳಿ, ಆ ಕಲೆ ಹೋಗುದಿಲ್ಲ. ಹೆಕ್ಕಿದ ದಿನವೇ ಮಾಡ್ಬೇಕು, ಮರುದಿನಕ್ಕೆ ಹುಳಿ ವಾಸನೆ ಸುರು.

ಶುಗರ್ ಇದ್ದವರ ವಿಷಯ ಬಂತಲ್ಲ, ಮನೇಲಿ ಮಾಡಿದ್ದು, ಸಕ್ಕರೆ ಹಾಕ್ಲಿಲ್ಲ ಅಂತ ಧೈರ್ಯದಲ್ಲಿ ದೊಡ್ಡ ಗ್ಲಾಸ್ ಕೊಡುವವರು ತುಂಬ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಕ್ಕರೆ ಬಗ್ಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ ಹಣ್ಣಿನ ಜ್ಯೂಸಿನ ಸಕ್ಕರೆಯನ್ನೂ ಮಿತಿಯಲ್ಲಿಡುವ ಲೆಕ್ಕಕ್ಕೆ ಸೇರಿಸಿದೆ, ದಿನದ ಒಟ್ಟು ಶಕ್ತಿಯ ನೂರಕ್ಕೆ 10ಕ್ಕಿಂತ ಕಮ್ಮಿ ಅಂತ, 2000 ಕ್ಯಾಲೊರಿ ಊಟ ಮಾಡುವವರಿಗೆ ಅದು 50 ಗ್ರಾಂ. ಕಿತ್ತಳೆ ಜ್ಯೂಸಿನ ಒಂದು ದೊಡ್ಡ ಗ್ಲಾಸಲ್ಲೇ 20 ಗ್ರಾಂ ಆಸುಪಾಸು ಹೋಗ್ತದೆ. ಹಣ್ಣು ತಿಂದ್ರೆ ನಾರು ಸಹ ಹೋಗ್ತದೆ, ಎರಡು ತಿನ್ನುವಾಗ ಹೊಟ್ಟೆ ಸಾಕು ಹೇಳ್ತದೆ. ಅತ್ತೆಗೆ ನಾನು ಮೂಸಂಬಿ ಬಿಡಿಸಿಯೇ ಕೊಡುದು.

ಔಷಧಿ ಅಂತ ಜ್ಯೂಸ್ ಕುಡಿಯುವವರಿಗೆ ಮುಖ್ಯ ಎರಡು ಜಾಗ್ರತೆ. ಸೋರೆಕಾಯಿ ಕೊಯ್ದ ಕೂಡ್ಲೆ ತುಂಡು ನಾಲಿಗೆಗೆ ಮುಟ್ಟಿಸಿ, ಕಹಿ ಇದ್ರೆ ಬಿಸಾಡಿ, ಲಿಂಬೆ ಜೇನು ಹಾಕಿ ಕುಡಿಯುದು ಬೇಡವೇ ಬೇಡ. 2010ರಲ್ಲಿ ದೆಹಲಿಯಲ್ಲಿ ಕಹಿ ಸೋರೆಕಾಯಿ ಜ್ಯೂಸ್ ಕುಡಿದು ಒಬ್ಬರು ತೀರಿಕೊಂಡಿದ್ರು, ಆಮೇಲೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ತಜ್ಞರ ಸಮಿತಿಯೂ ಕಹಿ ಇದ್ದದ್ದು ಕುಡೀಬಾರ್ದು ಅಂತಲೇ ಹೇಳಿದ್ದು. ಇನ್ನೊಂದು ನಮ್ಮ ಹಿತ್ತಿಲಿನ ಬಿಂಬುಳಿ, ಬಿಲಿಂಬಿ ಅಂತ ಹೇಳುವ ಹುಳಿ ಕಾಯಿ. ಸಾರಿಗೆ ಉಪ್ಪಿನಕಾಯಿಗೆ ಹಾಕುದು ಬೇರೆ, ಕೊಲೆಸ್ಟ್ರಾಲಿಗೆ ಒಳ್ಳೇದು ಅಂತ ಗ್ಲಾಸ್ ಗಟ್ಟಲೆ ಹಿಂಡಿ ಕುಡಿಯುದು ಬೇರೆ, ಅದರಲ್ಲಿ ಕಿಡ್ನಿಗೆ ಆಗದ ಆಕ್ಸಲೇಟ್ ತುಂಬ. ಕೇರಳದಲ್ಲಿ ಹೀಗೆ ಕುಡಿದವರಿಗೆ ಕಿಡ್ನಿ ಕೈಕೊಟ್ಟದ್ದನ್ನು ಅಲ್ಲಿನ ವೈದ್ಯರು 2013ರಲ್ಲಿ ವರದಿ ಮಾಡಿದ್ದಾರೆ. ಕಿಡ್ನಿ ತೊಂದರೆ ಇದ್ದವರು ದಾರೆಹುಳಿಯ (ಸ್ಟಾರ್ ಫ್ರೂಟ್) ಹತ್ರವೂ ಹೋಗ್ಬಾರ್ದು.

ಇಷ್ಟಾಗಿಯೂ ಜ್ಯೂಸರ್ ಬೇಕು ಅಂತಾದ್ರೆ, ದಿನಾ ಕ್ಯಾರೆಟ್, ಬೀಟ್ರೂಟ್, ನೆಲ್ಲಿಕಾಯಿ, ಸೊಪ್ಪು ಕುಡಿಯುವ ಮನೆ ಆದ್ರೆ ಸ್ಲೋ ತಗೊಳ್ಳಿ. ಅಂಗಡೀಲಿ ವ್ಯಾಟ್ ಕೇಳ್ಬೇಡಿ, ನಿಧಾನ ತಿರುಗುವುದಕ್ಕೆ 150ರಿಂದ 250 ವ್ಯಾಟ್ ಸಾಕಾಗ್ತದೆ. ಕೇಳ್ಬೇಕಾದ್ದು ಒಂದೇ ಸಮ ಎಷ್ಟು ನಿಮಿಷ ಓಡಿಸ್ಬಹುದು, ಹಿಂದಕ್ಕೆ ತಿರುಗುವ ಬಟನ್ ಉಂಟಾ, ಜಾಲರಿ ಮತ್ತೆ ವಾಷರ್ ಬಿಡಿಯಾಗಿ ಸಿಗ್ತದಾ, ಸರ್ವಿಸ್ ಮಂಗಳೂರಲ್ಲೇ ಉಂಟಾ ಅಥವಾ ಬೆಂಗಳೂರಿಗೆ ಕಳಿಸ್ಬೇಕಾ. ಮೋಟಾರಿಗೆ ಐದು ಹತ್ತು ವರ್ಷ ವಾರಂಟಿ ಅಂತ ದೊಡ್ಡದಾಗಿ ಬರೀತಾರೆ, ಆದ್ರೆ ಮೊದ್ಲು ಹೋಗುದು ಮೋಟಾರಲ್ಲ, ಜಾಲರಿ. ನಮ್ಮದರ ಜಾಲರಿ ಬಿರುಕು ಬಿಟ್ಟಾಗ ಹೊಸದು ಬರ್ಲಿಕ್ಕೆ ತಿಂಗಳ ಮೇಲೆ ಹಿಡೀತು, ಅಷ್ಟು ದಿನ ಮಿಕ್ಸಿಯೇ ಗತಿ. ಬಾಯಿ ಅಗಲದ್ದು ಇಡೀ ಸೇಬು ಹೋಗ್ತದೆ ಅಂತ ಆಸೆ ಹುಟ್ಟಿಸ್ತದೆ, ಆದ್ರೆ ಹುಳ ಉಂಟಾ ಅಂತ ನೋಡ್ಲಿಕ್ಕೆ ಹೇಗೂ ಕೊಯ್ಲೇಬೇಕು, ಹಾಗಾಗಿ ಅದಕ್ಕೆ ಹೆಚ್ಚು ದುಡ್ಡು ಕೊಡ್ಬೇಡಿ.

ಚರಟ ಬಿಸಾಡ್ಬೇಡಿ. ಕ್ಯಾರೆಟಿಂದು ಒಣಕ್ಕಲು ಬರುದರಿಂದ ರೊಟ್ಟಿ ಹಿಟ್ಟಿಗೆ ನೀರುಳ್ಳಿ, ಹಸಿಮೆಣಸು, ಕಾಯಿತುರಿ ಜೊತೆ ಕಲಸಿದ್ರೆ ಲಾಯ್ಕ ಆಗ್ತದೆ, ಬೀಟ್ರೂಟಿಂದಕ್ಕೆ ಮೊಸರು ಹಾಕಿ ಒಗ್ಗರಣೆ ಕೊಟ್ರೆ ಮಧ್ಯಾಹ್ನಕ್ಕೆ ಸಾಸಮೆ ಅಲ್ಲದಿದ್ರೂ ಅದಕ್ಕೆ ಹತ್ತಿರದ್ದು ಎಂತದೋ ಒಂದು ಆಗ್ತದೆ, ಶುಂಠಿ ಸೇರಿದ್ದನ್ನು ಚಾಕ್ಕೆ ಹಾಕಿ. ಮೂಸಂಬಿಯದ್ದು ಮಾತ್ರ ಯಾವುದಕ್ಕೂ ಆಗುದಿಲ್ಲ, ಅದು ಗಿಡದ ಬುಡಕ್ಕೆ.