40 ಮಿಲಿಗ್ರಾಂ ಹೇಗೆ 9 ಆಯಿತು

ಜರ್ಮನಿಯ ಒಂದು ಹಳ್ಳಿಯ ಅಂತರ್ಜಲ ವರದಿಯನ್ನು ಇಂಗ್ಲಿಷಿಗೆ ಅನುವಾದ ಮಾಡುತ್ತಿದ್ದೆ. ಕೋಷ್ಟಕದಲ್ಲಿ 'ನಿಟ್ರಾಟ್' ಲೀಟರಿಗೆ 40 ಮಿಲಿಗ್ರಾಂ ಅಂತಿತ್ತು. ಸುಮ್ನೆ 'ನೈಟ್ರೇಟ್ 40' ಅಂತ ಹಾಕಿ ಕಳಿಸಿದೆ. ಅಮೆರಿಕದ ಗ್ರಾಹಕರಿಂದ ಗಾಬರಿಯ ಮೇಲ್ ಬಂತು: ಮಿತಿ 10, ಇದು ನಾಲ್ಕು ಪಟ್ಟು ಜಾಸ್ತಿ ಅಲ್ವಾ?

ಅರ್ಧ ದಿನ ನನ್ನ ಟೈಪಿಂಗ್ ತಪ್ಪೇ ಹುಡುಕುತ್ತಾ ಕೂತೆ. ತಪ್ಪು ಅಲ್ಲಿರಲಿಲ್ಲ. ಜರ್ಮನಿಯಲ್ಲಿ ಕುಡಿಯುವ ನೀರಿನ ಮಿತಿ 50, ಅದು ಇಡೀ ನೈಟ್ರೇಟ್ ಅಣುವಿನ ತೂಕ. ಅಮೆರಿಕದ 10 ಅನ್ನೋದು ಅದರೊಳಗಿನ ನೈಟ್ರೋಜನ್ನಿನ ತೂಕ ಮಾತ್ರ. ಅಣುವಿನ ತೂಕ 62, ಅದರಲ್ಲಿ ನೈಟ್ರೋಜನ್ 14, ಹಾಗಾಗಿ 4.43ರಿಂದ ಭಾಗಿಸಿದರೆ ನನ್ನ 40 ಸುಮಾರು 9 ಆಗುತ್ತದೆ. ಎರಡೂ ಕಡೆ ಮಿತಿಯೊಳಗೇ ಇದೆ!

ಈಗ 'ನೈಟ್ರೇಟ್ ಆಗಿ 40, ನೈಟ್ರೋಜನ್ ಆಗಿ 9' ಅಂತ ಎರಡನ್ನೂ ಬರೆಯುತ್ತೇನೆ. ಮೂಲದಲ್ಲಿ 'ನಿಟ್ರಾಟ್-ಷ್ಟಿಕ್‌ಷ್ಟೋಫ್' ಅಂತಿದ್ದರೆ ಮಾತ್ರ ಭಾಗಿಸಬಾರದು, ಅದು ಆಗಲೇ ನೈಟ್ರೋಜನ್ ಲೆಕ್ಕ.

ಷ್ಟಿಕ್‌ಷ್ಟೋಫ್ ಅಂದರೆ ನೈಟ್ರೋಜನ್, ಉಸಿರುಗಟ್ಟಿಸುವ ವಸ್ತು ಅನ್ನೋ ಅರ್ಥದಿಂದ ಬಂದ ಹೆಸರು. ಅದೇ ವರದಿಯಲ್ಲಿದ್ದ 'ಲಾಖ್‌ಗಾಸ್' ನಗೆ ಅನಿಲ, ಅಂದರೆ ನೈಟ್ರಸ್ ಆಕ್ಸೈಡ್. 'ಷ್ಟಿಕ್‌ಒಕ್ಸೀಡೆ', ಅಂದರೆ ನೈಟ್ರೋಜನ್ ಆಕ್ಸೈಡುಗಳು, ಬೇರೆ, ಅದು ಗಾಡಿ ಹೊಗೆಯಲ್ಲಿ ಬರೋದು. ಅವೆರಡನ್ನೂ ಒಂದೇ ಅಂತ ಬರೆದಿದ್ದೆ, ಅದನ್ನೂ ತಿದ್ದಿ ಕಳಿಸಿದೆ.