ಕಂಬ ಅವರದು, ಬಲ್ಬು ನಮ್ಮದು

ಅಭಿವೃದ್ಧಿ ಅಧಿಕಾರಿಯಾಗಿ (ಪಿಡಿಒ) ಆ ಪಂಚಾಯಿತಿಗೆ ಹೋದ ಮೇಲೆ ನಡೆದ ಮೊದಲ ಗ್ರಾಮ ಸಭೆ. ಹಿಂದಿನ ಸಾಲಿನಿಂದ ಒಬ್ಬ ಅಜ್ಜ ಎದ್ದು, "ಸ್ವಾಮಿ, ಸೂರ್ಯನಿಗೆ ದಾರಿ ಕಾಣುವುದಿಲ್ಲವೆಂದು ಹಗಲಲ್ಲೂ ದೀಪ ಹಚ್ಚಿದ್ದೀರಾ?" ಎಂದು ಕೇಳಿದರು. ಸಭೆ ಗೊಳ್ಳೆಂದು ನಕ್ಕಿತು. ಉತ್ತರ ತಿಳಿಯದೆ ನಾನೂ ನಕ್ಕೆ. ಮಧ್ಯಾಹ್ನ ಹನ್ನೆರಡರ ಬಿಸಿಲಿನಲ್ಲಿ ಅರಳಿ ಕಟ್ಟೆಯ ಪಕ್ಕದ ಕಂಬದ ಟ್ಯೂಬ್‌ಲೈಟು ಉರಿಯುತ್ತಲೇ ಇತ್ತು.

ತುಮಕೂರು ಜಿಲ್ಲೆಯ ಆರು ಹಳ್ಳಿಗಳ ಪಂಚಾಯಿತಿ ಅದು. 2018ರಿಂದ ಎರಡು ವರ್ಷ ಆ ದೀಪಗಳ ಹಿಂದೆ ಓಡಾಡಿದೆ. ಕೆಲವು ಕೆಲಸ ಕೈಗೂಡಿತು, ಕೆಲವು ನನ್ನ ದಡ್ಡತನದಿಂದಲೇ ಕೆಟ್ಟಿತು.

ಮೊದಲು ಬಿಲ್ಲುಗಳ ಕಟ್ಟು ಬಿಚ್ಚಿದೆ. ಪಂಚಾಯಿತಿಗೆ ಬರುವ ವಿದ್ಯುತ್ ಬಿಲ್ಲುಗಳಲ್ಲಿ ಮುಖ್ಯವಾದವು ಎರಡು ಜಾತಿ: ಎಲ್‌ಟಿ-6(ಎ) ಎಂದರೆ ಕುಡಿಯುವ ನೀರಿನ ಮೋಟಾರು, ಎಲ್‌ಟಿ-6(ಬಿ) ಎಂದರೆ ಬೀದಿ ದೀಪ. ದೊಡ್ಡ ಪಾಲು ಕೊಳವೆ ಬಾವಿಗಳದೇ. ದೀಪದ ಪಾಲು ಚಿಕ್ಕದಾದ್ದರಿಂದ ಅದರ ಕಡೆ ಯಾರೂ ತಿರುಗಿ ನೋಡಿರಲಿಲ್ಲ. ಅನುದಾನದಲ್ಲಿ ವಿದ್ಯುತ್ತಿಗೆಂದು ಎತ್ತಿಟ್ಟ ಹಣ ಹೋಗುತ್ತಿತ್ತು, ಸಾಲದೆ ಬಾಕಿ ಉಳಿಯುತ್ತಿತ್ತು, ಬಾಕಿಗೆ ಬಡ್ಡಿ ಸೇರುತ್ತಿತ್ತು. ಕಚೇರಿಯಲ್ಲಿ ಬಿಲ್ಲಿನ ಮೊತ್ತ ನೋಡುತ್ತಿದ್ದರು, ನಿಟ್ಟುಸಿರು ಬಿಡುತ್ತಿದ್ದರು, ಫೈಲಿಗೆ ಸೇರಿಸುತ್ತಿದ್ದರು. ಬಿಲ್ಲನ್ನು ಓದುವ ಪದ್ಧತಿ ಇರಲಿಲ್ಲ.

ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಪ್ರತಿ ಬಿಲ್ಲಿನ ಆರ್.ಆರ್. ಸಂಖ್ಯೆ, ಅಂದರೆ ಆ ವಿದ್ಯುತ್ ಸಂಪರ್ಕದ ಗುರುತಿನ ಸಂಖ್ಯೆ ಬರೆದು, ಪಕ್ಕದಲ್ಲಿ "ಇದು ಎಲ್ಲಿದೆ?" ಎಂಬ ಖಾನೆ ಎಳೆದೆ. ದೀಪದ 14 ಸಂಖ್ಯೆಗಳಲ್ಲಿ ಮೂರರ ಜಾಗ ಯಾರಿಗೂ ಗೊತ್ತಿರಲಿಲ್ಲ. ಮೀಟರ್ ಇದ್ದದ್ದು ಐದಕ್ಕೆ ಮಾತ್ರ. ಮೀಟರ್ ಇಲ್ಲದ ಕಡೆ ದಾಖಲೆಯಲ್ಲಿರುವ ಲೋಡನ್ನು, ಅಂದರೆ ದೀಪಗಳ ಒಟ್ಟು ವಾಟನ್ನು, ಇಷ್ಟು ಗಂಟೆ ಉರಿದಿರಬಹುದೆಂಬ ಅಂದಾಜಿನಿಂದ ಗುಣಿಸಿ ಬಿಲ್ಲು ಹಾಕುತ್ತಾರೆ. ದೀಪ ಕೆಟ್ಟು ಆರು ತಿಂಗಳು ಕತ್ತಲಲ್ಲಿದ್ದರೂ ಬಿಲ್ಲಿನ ಲೆಕ್ಕದಲ್ಲಿ ಅದು ಉರಿಯುತ್ತಲೇ ಇರುತ್ತದೆ.

ಆಮೇಲೆ ನಮ್ಮ ನೀರುಗಂಟಿಯ ಬೈಕಿನ ಹಿಂದೆ ಕುಳಿತು ಒಂದು ವಾರ ಕಂಬ ಎಣಿಸಿದೆ, ರಾತ್ರಿ ಒಂದು ಸುತ್ತು, ಹಗಲು ಒಂದು ಸುತ್ತು. ಹಗಲಿನ ಸುತ್ತಿನಲ್ಲಿ ಕಲಿತದ್ದೇ ಹೆಚ್ಚು. ಹಳ್ಳಿಯ ಕಂಬದಲ್ಲಿ ಮೂರು ಫೇಸು, ಒಂದು ನ್ಯೂಟ್ರಲ್ ತಂತಿ ಇರುತ್ತವೆ. ಬೀದಿ ದೀಪಕ್ಕೆಂದು ಐದನೆಯದೊಂದು ತಂತಿ ಇರಬೇಕು. ಅದಕ್ಕೆ ಟ್ರಾನ್ಸ್‌ಫಾರ್ಮರಿನ ಹತ್ತಿರ ಒಂದು ಸ್ವಿಚ್ಚು. ಸಂಜೆ ಒತ್ತಿದರೆ ಇಡೀ ಸಾಲು ಹತ್ತುತ್ತದೆ, ಬೆಳಿಗ್ಗೆ ಒತ್ತಿದರೆ ಆರುತ್ತದೆ. ನಮ್ಮಲ್ಲಿ ಹಳೆಯ ಬೀದಿಗಳಿಗಷ್ಟೇ ಐದನೇ ತಂತಿ ಇತ್ತು. ಊರು ಬೆಳೆದು ಆಶ್ರಯ ಕಾಲೊನಿಗೆ, ತೋಟದ ಮನೆಗಳ ಕಡೆಗೆ ಕಂಬ ಹೋದಾಗ ನಾಲ್ಕೇ ತಂತಿ ಹೋದವು. ಜನ ದೀಪ ಕೇಳಿದರು, ಕೈಗೆ ಸಿಕ್ಕ ಫೇಸಿಗೆ ಕೊಕ್ಕೆ ಹಾಕಿ ದೀಪ ಕಟ್ಟಿದರು. ಅಂಥ ದೀಪವನ್ನು ಆರಿಸಬೇಕೆಂದರೆ ಇಡೀ ಊರಿನ ಕರೆಂಟು ತೆಗೆಯಬೇಕು. 212 ದೀಪಗಳಲ್ಲಿ 97 ಹೀಗಿದ್ದವು. ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಹಚ್ಚುವುದನ್ನು ಕಲಿತು ಶತಮಾನ ಕಳೆದರೂ ನಾವು ಆರಿಸುವುದನ್ನು ಕಲಿತಿರಲಿಲ್ಲ.

ಅರಳಿ ಕಟ್ಟೆಯ ಟ್ಯೂಬ್‌ಲೈಟಿನ ವಯರು ಹಿಡಿದು ಹೋದರೆ ಅದು ದೇವಸ್ಥಾನದ ಮೀಟರಿಗೆ ಸೇರುತ್ತಿತ್ತು. ಸಭೆಯಲ್ಲಿ ಪ್ರಶ್ನೆ ಕೇಳಿದ ಅಜ್ಜ ಆ ದೇವಸ್ಥಾನದ ಸಮಿತಿಯವರೇ. ಅವರಿಗೆ ಹೇಳಿದಾಗ, "ಹಾಗಾದರೆ ನಾನೇ ಆರಿಸುತ್ತೇನೆ ಬಿಡಿ" ಎಂದರು. ಇಡೀ ಯೋಜನೆಯಲ್ಲಿ ಅಷ್ಟು ಸಲೀಸಾಗಿ ಮುಗಿದ ಕೆಲಸ ಅದೊಂದೇ.

ವಿದ್ಯುತ್ ಕಂಪನಿಯ ಸೆಕ್ಷನ್ ಕಚೇರಿಗೆ ನೋಟ್‌ಬುಕ್ ಹಿಡಿದು ಹೋದೆ. "ಕಂಬ ನಮ್ಮದು, ತಂತಿ ನಮ್ಮದು. ಬಲ್ಬು ನಿಮ್ಮದು, ಬಿಲ್ಲು ನಿಮ್ಮದು" ಎಂದರು ಅಲ್ಲಿನ ಅಧಿಕಾರಿ. "ಸ್ವಿಚ್ಚು ಯಾರದು?" ಎಂದು ಕೇಳಿದೆ. ಅವರು ಫ್ಯಾನು ನೋಡಿದರು. ಅವರನ್ನು ದೂರಿ ಫಲವಿರಲಿಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆ ಸಾರ್ವಜನಿಕ ಬೀದಿಗಳ ದೀಪವನ್ನು ಗ್ರಾಮ ಪಂಚಾಯಿತಿಯ ಕೆಲಸಗಳ ಪಟ್ಟಿಯಲ್ಲಿ ಇಟ್ಟಿದೆ. ಆದರೆ ಕಂಬ ಹತ್ತುವ ಅಧಿಕಾರ ಪಂಚಾಯಿತಿಯ ಯಾವ ನೌಕರನಿಗೂ ಇಲ್ಲ. ಬಲ್ಬು ಬದಲಿಸುವುದಕ್ಕೂ ಲೈನ್ ತೆಗೆಸಿ ಕಾಯಬೇಕು. ಹೊಣೆ ಒಬ್ಬರದು, ಏಣಿ ಇನ್ನೊಬ್ಬರದು. ಈ ಸಂದಿಯಲ್ಲಿ ಸೋರುವುದು ಕಂದಾಯ ಕಟ್ಟಿದವರ ಹಣ.

ಜಗಳ ಬಿಟ್ಟು ಕಾಗದ ಹಿಡಿದೆ. ಪಂಚಾಯಿತಿ ಸಭೆಯಲ್ಲಿ ನಡಾವಳಿ ಬರೆಸಿ, ಜಂಟಿ ಸಮೀಕ್ಷೆಗೆ ಪತ್ರ ಕೊಟ್ಟೆ. ಮೂರನೇ ಪತ್ರಕ್ಕೆ ಒಬ್ಬ ಲೈನ್‌ಮನ್ ಬಂದರು. ಅವರು ಬಂದ ದಿನ ಕೆಲಸ ಓಡಿತು, ಏಕೆಂದರೆ ಯಾವ ತಂತಿ ಎಲ್ಲಿಗೆ ಹೋಗುತ್ತದೆಂಬುದು ಅವರ ತಲೆಯಲ್ಲಿತ್ತು, ಯಾವ ನಕ್ಷೆಯಲ್ಲೂ ಇರಲಿಲ್ಲ. ಐದನೇ ತಂತಿ ಎಳೆಯುವುದಕ್ಕೂ ಮೀಟರ್ ಪೆಟ್ಟಿಗೆಗಳಿಗೂ ಅಂದಾಜು ಪಟ್ಟಿ ತಯಾರಾಯಿತು. ಹಣ ಪಂಚಾಯಿತಿಯದು, ಕೆಲಸ ಅವರ ಮೇಲ್ವಿಚಾರಣೆಯಲ್ಲಿ.

ಆ ಹೊತ್ತಿಗೆ ಸದಸ್ಯರೆಲ್ಲರ ಬಾಯಲ್ಲಿ ಎಲ್‌ಇಡಿ. "ಮೊದಲು ಬಲ್ಬು ಬದಲಿಸಿ, ತಂತಿ ಆಮೇಲೆ ನೋಡೋಣ" ಎಂಬ ಒತ್ತಡ. ನಾನು ಕಪ್ಪು ಹಲಗೆಯ ಮೇಲೆ ಲೆಕ್ಕ ಬರೆದೆ. ಹಳೆಯ 40 ವಾಟಿನ ಟ್ಯೂಬ್‌ಲೈಟು ಚೋಕಿನ ನಷ್ಟ ಸೇರಿ ಸುಮಾರು 55 ವಾಟ್ ಎಳೆಯುತ್ತದೆ. ರಾತ್ರಿ 11 ಗಂಟೆ ಉರಿದರೆ 0.6 ಯೂನಿಟ್. ಅದರ ಜಾಗದಲ್ಲಿ 20 ವಾಟಿನ ಎಲ್‌ಇಡಿ ಹಾಕಿ ಹಗಲೂ ರಾತ್ರಿ ಬಿಟ್ಟರೆ 0.48. ಅದೇ ಎಲ್‌ಇಡಿಯನ್ನು ರಾತ್ರಿ ಮಾತ್ರ ಉರಿಸಿದರೆ 0.22. ಆರಿಸಲಾಗದ ಎಲ್‌ಇಡಿಗೂ ಆರಿಸಬಲ್ಲ ಹಳೆಯ ಟ್ಯೂಬಿಗೂ ಹೆಚ್ಚಿನ ಅಂತರವಿಲ್ಲ ಎಂಬುದು ಕಣ್ಣಿಗೆ ಕಂಡ ಮೇಲೆ ತಂತಿಗೆ ಒಪ್ಪಿಗೆ ಸಿಕ್ಕಿತು.

ಇನ್ನು ನನ್ನ ದಡ್ಡತನಗಳು. ಸ್ವಿಚ್ಚಿಗೆ ದಿನವೂ ಒಬ್ಬರು ಓಡುವುದೇಕೆಂದು ಟೈಮರ್ ತಂದೆ, ಅಗ್ಗದ್ದು, ಒಳಗೆ ಬ್ಯಾಟರಿ ಇಲ್ಲದ್ದು. ನಮ್ಮ ಕಡೆ ಕರೆಂಟು ಹೋಗುವುದು ಗೊತ್ತೇ ಇದೆ. ಕರೆಂಟು ಒಂದು ಗಂಟೆ ಹೋದರೆ ಟೈಮರಿನ ಗಡಿಯಾರವೂ ಒಂದು ಗಂಟೆ ನಿಲ್ಲುತ್ತಿತ್ತು. ಎರಡು ವಾರ ಕಳೆಯುವಷ್ಟರಲ್ಲಿ ದೀಪಗಳು ರಾತ್ರಿ ಹನ್ನೊಂದಕ್ಕೆ ಹತ್ತಿ ಬೆಳಿಗ್ಗೆ ಹತ್ತೂವರೆಗೆ ಆರತೊಡಗಿದವು. ಊರಿಗೆ ಹೊಸ ನಗೆಪಾಟಲು ಸಿಕ್ಕಿತು. ಅವುಗಳನ್ನು ಕಿತ್ತು ಬ್ಯಾಟರಿ ಇರುವ ಟೈಮರ್ ಹಾಕಿಸಿದೆ.

ಅದರಲ್ಲೂ ಜಿಪುಣತನ ಬಿಡಲಿಲ್ಲ. ಆರುವ ಸಮಯವನ್ನು ಐದೂವರೆಗೆ ಇಟ್ಟೆ. ಡಿಸೆಂಬರಿನಲ್ಲಿ ಆರು ಗಂಟೆಗೂ ಕತ್ತಲೆ, ಡೇರಿಗೆ ಹಾಲು ಹಾಕುವವರು ಬರುವುದು ಅದೇ ಹೊತ್ತಿಗೆ. ಒಬ್ಬ ಅಕ್ಕ ಚರಂಡಿಯ ಅಂಚಿನಲ್ಲಿ ಕಾಲು ಜಾರಿ ಬಿದ್ದರು. ಹತ್ತು ಗಂಟೆಗೆ ಕಚೇರಿ ತೆರೆಯುತ್ತಿದ್ದಂತೆ ಬಂದು, ಮಣ್ಣು ಮೆತ್ತಿದ ಖಾಲಿ ಕ್ಯಾನನ್ನು ನನ್ನ ಮೇಜಿನ ಮೇಲೆ, ಅದೂ ಹಾಜರಿ ಪುಸ್ತಕದ ಮೇಲೆ ಇಟ್ಟರು. "ಐದು ಲೀಟರ್ ಸಾರ್. ನಿಮ್ಮ ಉಳಿತಾಯದಲ್ಲಿ ಇದರ ದುಡ್ಡು ಕೊಡಿ." ಮಂಡಿ ತರಚಿ ಸೀರೆಯ ಅಂಚಿಗೆ ರಕ್ತ ಅಂಟಿತ್ತು. ಅವರು ಹೋದ ಮೇಲೆ ಲೆಕ್ಕ ಹಾಕಿದೆ. ಡೇರಿ ಬೀದಿಯ ಎಂಟು ದೀಪ ಒಂದು ಗಂಟೆ ಹೆಚ್ಚು ಉರಿದರೆ 0.16 ಯೂನಿಟ್, ಒಂದು ರೂಪಾಯಿಯ ಆಸುಪಾಸು. ಚೆಲ್ಲಿದ ಹಾಲು ನೂರು ರೂಪಾಯಿಗೂ ಮೇಲೆ. ಅಂದೇ ಆರುವ ಸಮಯವನ್ನು ಮುಂದಕ್ಕೆ ತಳ್ಳಿಸಿದೆ.

ಎಲ್‌ಇಡಿ ಖರೀದಿಯಲ್ಲಿ ಮೊದಲ ಕಂತು ಕೈಕೊಟ್ಟಿತು. ಕಡಿಮೆ ದರದ್ದೇ ಆಯ್ಕೆಯಾಯಿತು. ಮೊದಲ ಮುಂಗಾರುಪೂರ್ವ ಮಳೆಯಲ್ಲಿ ಸಿಡಿಲು ಹೊಡೆದ ರಾತ್ರಿ ಒಂದೇ ಬೀದಿಯ ಹನ್ನೊಂದು ದೀಪ ಸತ್ತವು. ಬಿಚ್ಚಿ ನೋಡಿದರೆ ದೀಪಕ್ಕೆ ಹದವಾಗಿ ಕರೆಂಟು ಕೊಡುವ ಡ್ರೈವರ್ ಎಂಬ ಭಾಗ ಸುಟ್ಟಿತ್ತು, ದಿಢೀರನೆ ಏರುವ ವೋಲ್ಟೇಜನ್ನು ತಡೆಯುವ ಸರ್ಜ್ ರಕ್ಷಣೆಯೇ ಇರಲಿಲ್ಲ. ಮುಂದಿನ ಟೆಂಡರಿನಲ್ಲಿ 10 ಕಿಲೋವೋಲ್ಟ್ ಸರ್ಜ್ ರಕ್ಷಣೆ, ನೀರು-ದೂಳು ತಡೆಯುವ ಐಪಿ 65 ಕವಚ, ಕೆಟ್ಟರೆ ಬದಲಿಸಿಕೊಡುವ ಷರತ್ತು, ಮೂರನ್ನೂ ಬರೆಸಿದೆ.

ಬಲ್ಬು ಬದಲಾದವು. ಬಿಲ್ಲು ಬದಲಾಗಲಿಲ್ಲ! ಮೀಟರ್ ಬಂದಿರದ ಸಾಲುಗಳಿಗೆ ಹಳೆಯ ಲೋಡಿನ ಮೇಲೆಯೇ ಲೆಕ್ಕ ನಡೆದಿತ್ತು. ಮೀಟರ್ ಇದ್ದ ಕಡೆಯೂ ನಿಗದಿತ ಶುಲ್ಕ ಹಳೆಯ ಮಂಜೂರಾತಿಯಂತೆಯೇ ಬರುತ್ತಿತ್ತು. ಲೋಡ್ ಇಳಿಸಿ ಎಂದು ಪ್ರತಿ ಆರ್.ಆರ್. ಸಂಖ್ಯೆಗೂ ಪ್ರತ್ಯೇಕ ಅರ್ಜಿ ಕೊಡಬೇಕಿತ್ತು. ಜೊತೆಗೆ, ಆಗಿನ ದರ ಆದೇಶದಲ್ಲಿ ಎಲ್‌ಇಡಿ ಬೀದಿ ದೀಪಗಳಿಗೆ ಕಡಿಮೆ ದರವಿತ್ತು. ಅದನ್ನೂ ಕೇಳಿಯೇ ಪಡೆಯಬೇಕಾಯಿತು. ಬೇರೆ ಪಂಚಾಯಿತಿಯವರು ನನ್ನನ್ನು ಕೇಳಿದಾಗ ಮೊದಲು ಹೇಳುವುದು ಈ ಅರ್ಜಿಯ ವಿಷಯವನ್ನೇ.

ಹೈಮಾಸ್ಟ್ ದೀಪದ ಮುಂದೆ ಮಾತ್ರ ಸೋತೆ. ವೃತ್ತದಲ್ಲಿ ಜನಪ್ರತಿನಿಧಿಗಳ ನಿಧಿಯಿಂದ ನೆಟ್ಟ ಕಂಬ, ಮೇಲೆ 200 ವಾಟಿನ ಎಂಟು ದೀಪ. ಅದೊಂದೇ ನಮ್ಮ 80 ಬೀದಿ ದೀಪಗಳಷ್ಟು ಎಳೆಯುತ್ತದೆ. ಫಲಕದ ಮೇಲೆ ಕೊಟ್ಟವರ ಹೆಸರಿದೆ, ಬಿಲ್ಲಿನ ಮೇಲೆ ಪಂಚಾಯಿತಿಯದು. ರಾತ್ರಿ ಹನ್ನೊಂದರ ನಂತರ ನಾಲ್ಕು ದೀಪ ಆರಿಸೋಣವೆಂದೆ. ಒಬ್ಬ ಸದಸ್ಯರು, "ಉದ್ಘಾಟನೆ ಮಾಡಿದವರಿಗೆ ಅವಮಾನವಾಗುತ್ತದೆ" ಎಂದರು. ಎಂಟೂ ಉರಿಯುತ್ತಿವೆ.

ನನಗೆ ವರ್ಗಾವಣೆಯಾದಾಗ ಪ್ರಭಾರ ಪಟ್ಟಿಯ ಜೊತೆ ಆ ನೋಟ್‌ಬುಕ್ಕನ್ನೂ ಕೊಟ್ಟು ಬಂದೆ. ಜಾಗ ಗೊತ್ತಿಲ್ಲದ ಮೂರು ಸಂಖ್ಯೆಗಳಲ್ಲಿ ಒಂದರ ಟ್ರಾನ್ಸ್‌ಫಾರ್ಮರನ್ನೇ ಎಂದೋ ಕಿತ್ತು ಒಯ್ದಿದ್ದರು, ಅದು ರದ್ದಾಯಿತು. ಇನ್ನೊಂದು ಪಕ್ಕದ ಪಂಚಾಯಿತಿಯದೆಂದು ತಿಳಿಯಿತು. ಕಳೆದ ತಿಂಗಳು ಈಗಿನ ಪಿಡಿಒ ಫೋನ್ ಮಾಡಿ ಮೂರನೆಯದರ ಬಗ್ಗೆ ಕೇಳಿದರು. ಅದರ ಎದುರಿನ ಖಾನೆಯಲ್ಲಿ ನಾನು ಪೆನ್ಸಿಲ್ಲಿನಲ್ಲಿ "ಕೆರೆ ಏರಿ?" ಎಂದು ಬರೆದಿದ್ದೆನಂತೆ. ಅವರು ಕೆರೆ ಏರಿಯ ಉದ್ದಕ್ಕೂ ನಡೆದು ಬಂದಿದ್ದಾರೆ. ಅಲ್ಲಿ ಕಂಬವೇ ಇಲ್ಲ. ಬಿಲ್ಲು ಬಂದಿದೆ.