ಕೆಸ ಕೆರೆದ್ರೆ ತಪ್ಪು ಕೆಸದ್ದಲ್ಲ ಮಾರ್ರೆ

ಮೊನ್ನೆ ಮೊಮ್ಮಗಳು ಬೆಂಗ್ಳೂರಿಂದ ಫೋನ್ ಮಾಡಿ, ಅಜ್ಜಿ ಕೆಸದೆಲೆ ಪತ್ರೊಡೆ ಮಾಡ್ದೆ, ಎಲ್ರಿಗೂ ಗಂಟ್ಲು ಕೆರೀತಿದೆ ಅಂತ ಅಳೋದೊಂದು ಬಾಕಿ. ಹುಣಸೆಹಣ್ಣು ಎಷ್ಟು ಹಾಕ್ದೆ ಅಂದ್ರೆ ಒಂದ್ ಸ್ಪೂನ್ ಪೇಸ್ಟ್ ಅಂದ್ಲು. ಬೈಯ್ಯೋಕೂ ಮನಸ್ಸು ಬರ್ಲಿಲ್ಲ, ಯಾಕಂದ್ರೆ ನಾನೂ ಮದ್ವೆಯಾಗಿ ಬಂದ ಮೊದಲ್ನೇ ಮಳೆಗಾಲದಲ್ಲಿ ಇದೇ ಕೆಲ್ಸ ಮಾಡಿದ್ದೆ, ನಮ್ಮ ಮಾವ ಒಂದ್ ಮಾತೂ ಆಡ್ದೆ ತಿಂದು ಎದ್ದು ಹೋಗಿ ಮೂರು ಲೋಟ ಮಜ್ಜಿಗೆ ಕುಡಿದಿದ್ರು.

ಕೆಸದ ಎಲೇಲಿ ಸೂಜಿ ತರದ ಸಣ್ಣ ಹರಳಿರುತ್ತೆ, ಕ್ಯಾಲ್ಸಿಯಂ ಆಕ್ಸಲೇಟ್ ಅಂತಾರಲ್ಲ ಅದೇ, ನಾಲ್ಗೆಗೆ ಚುಚ್ಚೋದು ಅದು. ಹುಳಿ ಜೋರಾಗಿದ್ದು ಚೆನ್ನಾಗಿ ಬೆಂದ್ರೆ ಸುಮ್ನಾಗುತ್ತೆ. ನಾನು ಎರಡು ಪಾವು ಅಕ್ಕಿಗೆ ದೊಡ್ಡ ನಿಂಬೆಹಣ್ಣಿನಷ್ಟು ಹಳೇ ಹುಣಸೆ ಹಾಕ್ತೀನಿ, ಬಾಯಿಗಿಟ್ಟು ನೋಡಿದ್ರೆ ಹಿಟ್ಟು ಹುಳಿ ಹುಳಿ ಅನ್ನಿಸ್ಬೇಕು, ಸಪ್ಪೆ ಇದ್ರೆ ಮುಂದಕ್ಕೆ ಹೋಗ್ಲೇಬೇಡಿ. ಎಲೆ ಬೆನ್ನಿನ ದಪ್ಪ ನರ ಚಾಕುವಲ್ಲಿ ಹೆರೆದು, ಬೆನ್ನು ಮೇಲೆ ಮಾಡಿ ಹಿಟ್ಟು ತೆಳ್ಳಗೆ ಸವರಿ, ಒಂದರ ಮೇಲೊಂದು ನಾಲ್ಕೈದು ಎಲೆ ಇಟ್ಟು ಬಿಗಿಯಾಗಿ ಸುತ್ತಿ ಮುಕ್ಕಾಲು ಗಂಟೆ ಹಬೇಲಿ ಬೇಯಿಸ್ಬೇಕು. ಇಡ್ಲಿ ತರ ಹತ್ತು ನಿಮಿಷಕ್ಕೆ ಇಳ್ಸೋ ಪದಾರ್ಥ ಅಲ್ಲ ಇದು. ಮರಗೆಸ ಸಿಕ್ರೆ ಅದೇ ಒಳ್ಳೇದು, ಮಳೆಗಾಲದಲ್ಲಿ ಮರದ ಕೊಂಬೆ ಮೇಲೆ ಏಳುತ್ತಲ್ಲ ಅದು, ಕೆರೆತ ಕಮ್ಮಿ. ಕೆಸ ಹೆಚ್ಚೋವಾಗ ಕೈಗೆ ಎಣ್ಣೆ ಸವರಿಕೊಳ್ಳಿ, ಮತ್ತೆ ಆ ಕೈಲಿ ಕಣ್ಣುಜ್ಜಿಕೊಂಡು ನನ್ನ ಬೈಬೇಡಿ.

ಕಳಲೆದು, ಅಂದ್ರೆ ಎಳೇ ಬಿದಿರಿಂದು, ಇನ್ನೊಂದು ಕಥೆ. ಪೇಟೇಲಿ ಈಗ ಹೆಚ್ಚಿ ಪ್ಯಾಕೆಟ್ ಮಾಡಿ ಕೊಡ್ತಾರೆ, ತಂದ ದಿನಾನೇ ಪಲ್ಯ ಮಾಡೋರಿದ್ದಾರೆ, ನೆನೆಸಿದ್ದೋ ಇಲ್ವೋ ಕೇಳೋದೂ ಇಲ್ಲ. ಹಸಿ ಕಳಲೇಲಿ ಸೈನೈಡ್ ಬಿಡೋ ಅಂಶ ಇದೆ ಮಾರ್ರೆ, ತಮಾಷೆ ಅಲ್ಲ. ಸಿಪ್ಪೆ ಪದರ ಪದರ ಬಿಡಿಸಿ, ಗಂಟು ಬಿಟ್ಟು ಎಳೇದು ಮಾತ್ರ ತೆಳ್ಳಗೆ ಹೆಚ್ಚಿ ನೀರಲ್ಲಿ ಮೂರು ದಿನ ಹಾಕಿಡ್ಬೇಕು, ದಿನಾ ನೀರು ಬದಲಾಯಿಸ್ಬೇಕು. ಮೊದಲ್ನೇ ದಿನದ ನೀರನ್ನ ದನದ ಬಾನಿಗೆ ಹಾಕೋಕೂ ನಮ್ಮತ್ತೆ ಬಿಡ್ತಿರ್ಲಿಲ್ಲ. ಮೂರನೇ ದಿನ ಒಂಥರಾ ಹುಳಿ ವಾಸನೆ ಬರುತ್ತೆ, ಹಾಳಾಯ್ತು ಅಂತ ಚೆಲ್ಬೇಡಿ, ಅದೇ ಅದರ ಪರಿಮಳ. ಆಮೇಲೆ ಮುಚ್ಚಳ ಹಾಕ್ದೆ ಒಂದ್ ಸಲ ಕುದಿಸಿ ಆ ನೀರೂ ಬಸಿದು, ಹಲಸಿನ ಬೀಜವೋ ಮೊಳಕೆ ಬಂದ ಹೆಸ್ರುಕಾಳೋ ಸೇರ್ಸಿ ಹುಳಿ ಮಾಡಿ.

ಚಗಟೆ ಸೊಪ್ಪು, ಒಂದೆಲಗ ಇವೆಲ್ಲ ಸುಲಭ. ಚಗಟೆ ಮೊದಲ ಮಳೆ ಬಿದ್ದು ಗೇಣುದ್ದ ಎದ್ದಾಗಲೇ ಕುಡಿ ಚಿವುಟಬೇಕು, ಹೂ ಬಿಟ್ಟ ಮೇಲೆ ಜಗಿದಷ್ಟೂ ನಾರು. ಒಂದೆಲಗ ಚರಂಡಿ ಪಕ್ಕ ಸೊಂಪಾಗಿ ಬೆಳ್ದಿದೆ ಅಂತ ಕೀಳ್ಬೇಡಿ, ತಂಬುಳಿಗೆ ತುಪ್ಪದಲ್ಲಿ ಬಾಡಿಸಿದ್ರೂ ಚರಂಡಿ ಚರಂಡೀನೇ.

ಇನ್ನು ಅಣಬೆ. ಗುಡುಗು ಹೊಡೆದ ಮಾರನೇ ದಿನ ಬೆಳಗ್ಗೆ ನಮ್ಮ ಯಜಮಾನ್ರು ಹುತ್ತ ಹುಡುಕಿಕೊಂಡು ಹೊರಟ್ಬಿಡ್ತಿದ್ರು. ಹುತ್ತದ ಅಣಬೆಗೆ ಬೇರಿನ ತರ ಉದ್ದದ ಬಾಲ ಇರುತ್ತೆ, ಮಣ್ಣೊಳಗೆ ಗೆದ್ದಲಿನ ಗೂಡಿನವರೆಗೂ ಇಳಿದಿರುತ್ತೆ, ಅವ್ರು ಕೋಲಲ್ಲಿ ಮೆಲ್ಲಗೆ ಬಿಡಿಸಿ ಬಾಲ ಸಮೇತ ತಂದು ನಂಗೆ ತೋರ್ಸಿದ ಮೇಲೇನೇ ಒಲೆಗೆ ಹೋಗ್ತಿತ್ತು. ಬಾಲ ತುಂಡಾಗಿ ಬಂದಿದ್ದು, ಯಾರೋ ಬುಟ್ಟೀಲಿ ಬೆರಕೆ ಮಾಡಿ ತಂದಿದ್ದು ಎಲ್ಲ ತಿಪ್ಪೆಗೆ. ಗುಂಡಗೆ ಕಲ್ಲಿನ ತರ ಇರೋ ಕಲ್ಲಣಬೆ ಆದ್ರೆ ಒಂದೊಂದನ್ನೂ ಎರಡು ಹೋಳು ಮಾಡಿ ನೋಡ್ತೀನಿ, ಒಳಗೆ ಬೆಳ್ಳಗೆ ಗಟ್ಟಿ ಇರ್ಬೇಕು, ಕಪ್ಪು ತಿರುಗಿದ್ರೆ ಆಚೆ, ಒಳಗೆ ಎಳೇ ಛತ್ರಿ ಆಕಾರ ಕಂಡ್ರಂತೂ ಕೈ ತೊಳೆದು ಬನ್ನಿ.

ಬೆಳ್ಳಿ ನಾಣ್ಯ ಹಾಕಿ ಕುದಿಸಿದ್ರೆ ಕಪ್ಪಾಗುತ್ತೆ, ಬೆಳ್ಳುಳ್ಳಿ ಬಣ್ಣ ಬದ್ಲಾಗುತ್ತೆ, ಹುಳ ತಿಂದಿದ್ರೆ ನಾವೂ ತಿನ್ಬಹುದು ಅಂತೆಲ್ಲ ಹೇಳ್ತಾರಲ್ಲ, ಎಲ್ಲ ಸುಳ್ಳು, ನಂಬ್ಲೇಬೇಡಿ. ಕುದಿಸಿದ್ರೂ ಹೋಗದ ವಿಷ ಇರೋ ಅಣಬೆ ಇದೆ. ಪಾರ್ಕಿನ ಹುಲ್ಲಲ್ಲಿ ಮಳೆ ಬಿದ್ಮೇಲೆ ಬೆಳ್ಳಗೆ ತಟ್ಟೆಯಗಲ ಏಳುತ್ತಲ್ಲ, ಬಲಿತಾಗ ಛತ್ರಿ ಅಡಿ ಹಸಿರಾಗುತ್ತೆ, ಅದನ್ನ ಊರಿನ ಅಣಬೆ ಅಂದ್ಕೊಂಡು ತಿಂದು ವಾಂತಿ ಭೇದಿ ಮಾಡ್ಕೊಳ್ಳೋರಿದ್ದಾರೆ. ಅದಕ್ಕಿಂತ ಕೆಟ್ಟದ್ದು ತಿಂದು ಆರೇಳು ಗಂಟೆ ಆದ್ಮೇಲೆ ಶುರುವಾಗೋ ವಾಂತಿ, ಮಧ್ಯೆ ಒಂದ್ ದಿನ ಸರಿಹೋದ ಹಾಗೆ ಕಂಡು ಆಮೇಲೆ ಲಿವರ್ ಹಿಡ್ಕೊಳ್ಳುತ್ತೆ, ಸರಿಹೋಯ್ತಲ್ಲ ಅಂತ ಮನೇಲಿ ಕೂರ್ಬಾರ್ದು, ಉಳ್ದಿರೋ ಅಣಬೆ ಚೂರನ್ನೂ ತಗೊಂಡು ಆಸ್ಪತ್ರೆಗೆ ಓಡ್ಬೇಕು. ನಮ್ಮನೇಲಿ ಅದಕ್ಕೇ ಸಾರಿಗೆ ಹಾಕೋ ಮುಂಚೆ ಒಂದ್ ಅಣಬೆ ತೆಗೆದಿಡೋ ರೂಢಿ.

ಗುರುತು ಪಕ್ಕಾ ಆದ್ರೆ ಅರಿಶಿನ ಉಪ್ಪಿನ ನೀರಲ್ಲಿ ತೊಳೆದು ಅವತ್ತೇ ಮಾಡಿ, ಫ್ರಿಜ್ಜಲ್ಲಿಟ್ಟು ನಾಳೆ ಅನ್ಬೇಡಿ. ಕೊತ್ತಂಬರಿ, ಕರಿಮೆಣಸು, ಹುರಿದ ಕಾಯಿ ಕಲ್ಲಲ್ಲಿ ಅರೆದು ಹಾಕಿ, ಜೊತೆಗೆ ಕಡುಬು.

ಮೊಮ್ಮಗಳು ಮತ್ತೆ ಫೋನ್ ಮಾಡಿದ್ಲು, ಈ ಸಲ ಹುಣಸೆ ಜಾಸ್ತಿ ಆಗಿ ಹಲ್ಲು ಚುಳು ಚುಳು ಅಂತಿದೆಯಂತೆ. ಬೆಲ್ಲ ಹಾಕು ಅಂದೆ.